ಅರಿಶಿನದ ಒಳರೆಕ್ಕೆ

ನಮ್ಮ ಜಗಲಿಗೆ ಕರೆಂಟಿನ ಬಲ್ಬು ಬಂದದ್ದು, ವಯನಾಡು ಬೇರೆ ಜಿಲ್ಲೆಯಾದದ್ದು ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಹೊಸ ಜಿಲ್ಲೆಯಿಂದ ನಿಮಗೇನು ಬಂತು ಎಂದು ಯಾರೋ ಕೇಳಿದಾಗ ನಮ್ಮತ್ತೆ, "ಹುಳ ಬಂತು" ಎಂದಿದ್ದರು. ಸುಳ್ಳಲ್ಲ. ಸಂಜೆ ಬಲ್ಬು ಹಾಕಿದರೆ ಸಾಕು, ಕಾಪಿತೋಟದಿಂದಲೂ ಅದರಾಚೆಯ ಕಾಡಿನಿಂದಲೂ ಹುಳಗಳು ಬಂದು ಸುಣ್ಣದ ಗೋಡೆಗೆ ಅಂಟಿಕೊಳ್ಳುತ್ತಿದ್ದವು. ಬೆಳಗ್ಗೆ ಬಾಗಿಲಿಗೆ ನೀರು ಹಾಕುವ ಮೊದಲು ನಾನು ಅವನ್ನೆಲ್ಲ ಪೊರಕೆಯಿಂದ ಬಡಿದು, ಮೊರದಲ್ಲಿ ತುಂಬಿ, ಬಾಳೆಯ ಬುಡಕ್ಕೆ ಸುರಿಯುತ್ತಿದ್ದೆ. ಚಿಟ್ಟೆ ಎಂದರೆ ಹಗಲಿನದು, ಹೂವಿನ ಮೇಲೆ ಕೂರುವುದು. ಇವಕ್ಕೆಲ್ಲ ನಮ್ಮಲ್ಲಿ ಒಂದೇ ಹೆಸರು, ದೀಪದ ಹುಳ.

ಆ ವರ್ಷ ಹೈಸ್ಕೂಲಿಗೆ ಘಟ್ಟದ ಕೆಳಗಿನಿಂದ ಒಬ್ಬ ಟೀಚರ್ ಬಂದರು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವರ ಬಿಡಾರ. ಪೆಟ್ಟಿಗೆಯಲ್ಲಿ ಸೀರೆಗಿಂತ ಪುಸ್ತಕವೇ ಹೆಚ್ಚು. ಬಂದ ಮೂರನೆಯ ಬೆಳಗ್ಗೆ ಹಲ್ಲುಜ್ಜುತ್ತ ಹೊರಗೆ ಬಂದವರು ನನ್ನ ಮೊರ ನೋಡಿ ಅಲ್ಲೇ ನಿಂತರು.

"ಚೇಚಿ, ಅದನ್ನು ಎಲ್ಲಿಗೆ ಹಾಕ್ತೀರಿ?"

"ಬಾಳೆ ಬುಡಕ್ಕೆ. ಗೊಬ್ಬರ ಆಗ್ತದೆ."

"ಈ ಜಿಲ್ಲೆಯ ಹುಳದ ಪಟ್ಟಿ ಮಾಡ್ಬೇಕು ಅಂತ ನಾನು ಇಲ್ಲಿಗೆ ವರ್ಗ ಕೇಳಿ ಬಂದವಳು. ನನ್ನ ಅರ್ಧ ಪಟ್ಟಿ ನಿಮ್ಮ ಬಾಳೆ ತಿಂದಾಯ್ತು."

ಅವರು ಹೇಳಿದ್ದು ಮಲಯಾಳದಲ್ಲಿ, ಚೇಚಿ ಎಂದರೆ ಅಕ್ಕ. ನನಗೆ ಎರಡೂ ಮಾತು ಒಂದೇ ಬಾಯಿಯವು, ಬರೆಯುವಾಗ ಕನ್ನಡವಾಗುತ್ತದೆ.

ಮರುದಿನದಿಂದ ಗುಡಿಸುವ ಮೊದಲು ಅವರನ್ನು ಎಬ್ಬಿಸಬೇಕು ಎಂದಾಯಿತು. ಆದರೆ ಟೀಚರಿಗೆ ಬೆಳಗಿನ ನಿದ್ದೆ ಜಾಸ್ತಿ. ಎರಡು ದಿನ ಬಾಗಿಲು ಬಡಿದು ಸೋತೆ. ಮೂರನೆಯ ದಿನ ಅವರು ಅರ್ಧ ಬರೆದ ಒಂದು ನೋಟುಪುಸ್ತಕವನ್ನು ನನ್ನ ಕೈಗೇ ಕೊಟ್ಟರು. "ನೀವೇ ನೋಡಿ ಬರೆದಿಡಿ. ಬಣ್ಣ ಆಮೇಲೆ, ಬಣ್ಣ ಮೋಸ ಮಾಡ್ತದೆ. ಮೊದಲು ರೆಕ್ಕೆ ಹೇಗಿಟ್ಟು ಕೂತಿದೆ ನೋಡಿ. ಅದರಲ್ಲಿ ಮನೆತನ ಗೊತ್ತಾಗ್ತದೆ. ಮನೆತನ ಗೊತ್ತಾದ ಮೇಲೆ ಹೆಸರು."

ನೋಡಲು ಕೂತರೆ ನಿಜವೇ. ಕೆಲವು ನಾಲ್ಕೂ ರೆಕ್ಕೆ ಹರಡಿ, ಗೋಡೆಗೆ ರಂಗೋಲಿ ಹಾಕಿದ ಹಾಗೆ ಚಪ್ಪಟೆ ಕೂರುತ್ತವೆ. ಕೆಲವು ಮನೆಯ ಮಾಡಿನ ಹಾಗೆ ಎರಡೂ ಕಡೆಗೆ ಇಳಿಜಾರು ಮಾಡಿಕೊಳ್ಳುತ್ತವೆ. ದೊಡ್ಡ ಮೈಯವು ಕೆಲವು ವಿಮಾನದಂತೆ ರೆಕ್ಕೆ ಹಿಂದಕ್ಕೆ ಚಾಚಿರುತ್ತವೆ. ನಾನು ಹಾಗೆಯೇ ಬರೆದೆ: ರಂಗೋಲಿ ಮನೆತನ, ಮಾಡಿನ ಮನೆತನ, ವಿಮಾನದ ಮನೆತನ. ಟೀಚರು ಅದರ ಪಕ್ಕದಲ್ಲಿ ತಮ್ಮ ಪುಸ್ತಕದ ಹೆಸರು ಬರೆಯುತ್ತಿದ್ದರು. ನಮ್ಮವರು ಒಂದು ದಿನ ಅದನ್ನು ತಿರುವಿ ನೋಡಿ, "ನಮ್ಮ ಮದುವೆಗೂ ಇಷ್ಟು ವಿಚಾರಿಸ್ಲಿಲ್ಲ, ಹುಳಕ್ಕೆ ಜಾತಕ ನೋಡ್ತಿದ್ದೀಯಲ್ಲ" ಎಂದರು.

ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ಏನು ಮಾಡಿದೆ, ಏನು ಮಾಡಲಿಲ್ಲ ಎಂದು ಕೇಳುವವರು ಬೇಕಾದಷ್ಟಿದ್ದರು. ಏನು ನೋಡಿದೆ ಎಂದು ಕೇಳಿದವರು ಟೀಚರೊಬ್ಬರೇ. ದೇವರು ಕೊಟ್ಟ ಸಣ್ಣ ಉಪಕಾರಗಳನ್ನು ರಾತ್ರಿ ಮಲಗುವ ಮೊದಲು ಬೆರಳು ಮಡಚಿ ನೆನೆಯುವುದು ನನ್ನ ಅಭ್ಯಾಸ. ಆಗ ಅದಕ್ಕೊಂದು ಬೆರಳು ಇಟ್ಟಿದ್ದೆ.

ಆದರೆ ಅದರ ಜೊತೆಗೆ ಒಂದು ಚಡಪಡಿಕೆಯೂ ಹತ್ತಿತು. ಅನ್ನ ಬಸಿಯುವಾಗ ಕಣ್ಣು ಗೋಡೆಯ ಮೇಲೆ. ದೀಪ ಹಚ್ಚುವಾಗ ಕಣ್ಣು ಬಾಗಿಲ ಸಂದಿನಲ್ಲಿ. ತೃಶ್ಶಿಲೇರಿಯ ಶಿವನಿಗೆ ಪ್ರದಕ್ಷಿಣೆ ಹಾಕುತ್ತ ಕಲ್ಲಿನ ಮೇಲೆ ಕೂತ ಒಂದು ಮಾಡಿನ ಮನೆತನದವನನ್ನು ಕಂಡು ಎಷ್ಟನೆಯ ಸುತ್ತು ಎಂಬುದೇ ಮರೆತು, ಮತ್ತೆ ಮೊದಲಿನಿಂದ ಸುತ್ತಿದ್ದೇನೆ. ಶಿವನಿಗೆ ಎರಡು ಸುತ್ತು ಲಾಭವಾಯಿತು ಎಂದು ಸಮಾಧಾನ ಮಾಡಿಕೊಂಡೆ.

ಒಂದು ತಪ್ಪನ್ನು ಮಾತ್ರ ಟೀಚರು ಬಿಡುತ್ತಿರಲಿಲ್ಲ. ಅಡಿಗೆಮನೆಯ ಹಿಂದಿನ ಗೋಡೆಯಲ್ಲಿ ಆಗಾಗ ಒಂದು ಕೂರುತ್ತಿತ್ತು. ಮಾಡಿನ ಮನೆತನ, ಅಂಗೈ ಉದ್ದ, ಥೇಟು ಒಣಗಿದ ಎಲೆ. ಎಲೆಯ ನಡುನರವೂ ಇತ್ತು, ತುದಿಯ ಸೊಟ್ಟವೂ ಇತ್ತು. ನಾನು "ತರಗೆಲೆ" ಎಂದು ಬರೆದಿದ್ದೆ. ಟೀಚರು ಅದಕ್ಕೆ ಅಡ್ಡಗೆರೆ ಎಳೆದರು.

"ಒಳರೆಕ್ಕೆ ಹೇಗಿತ್ತು?"

"ಮೇಲ್ರೆಕ್ಕೆಯಲ್ಲಿ ಮುಚ್ಚಿಕೊಂಡಿತ್ತು."

"ಹಾಗಾದ್ರೆ ಹೆಸರಿಲ್ಲ. ಸೆರಗು ಹೊದ್ದವಳ ರವಿಕೆ ಬಣ್ಣ ಹೇಗೆ ಹೇಳ್ತೀರಿ ಚೇಚಿ? ಇವುಗಳ ಗುಟ್ಟೆಲ್ಲ ಒಳರೆಕ್ಕೇಲಿ. ಅದು ನೋಡದೆ ಬರೀಬೇಡಿ."

ಕಡ್ಡಿಯಿಂದ ಮುಟ್ಟಿ ಸೆರಗು ಸರಿಸಲು ನನಗೆ ಮನಸ್ಸಾಗಲಿಲ್ಲ. ಮುಟ್ಟಿದರೆ ಹಾರುತ್ತದೆ. ಇನ್ನೊಮ್ಮೆ ಎಂದು ಬಿಟ್ಟೆ.

ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದವಳು ಕಾಡಂಚಿನ ಹಾಡಿಯ ಒಬ್ಬ ಹೆಂಗಸು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅವಳ ಮಾತು ನಮ್ಮ ಕನ್ನಡದ ಅಕ್ಕನ ಮಗಳಂತಿತ್ತು. ಹಿಂದಿನ ವರ್ಷ ನನ್ನ ಮಗಳಿಗೆ ಬಿಡದ ಜ್ವರ ಬಂದಾಗ ನಾನು ಕೇಳಿದ್ದಕ್ಕೆ ಅವಳು ಅಮೃತಬಳ್ಳಿಯ ತುಂಡು ತಂದುಕೊಟ್ಟಿದ್ದಳು. ಕಷಾಯಕ್ಕೆ ಮಿಕ್ಕಿದ್ದನ್ನು ಬೇಲಿಗೆ ಊರಿದೆ. ಬಳ್ಳಿ ಬೇಲಿಯನ್ನೇ ನುಂಗಿತು. ಮಗಳ ಜ್ವರ ಬಿಟ್ಟಿತು. ಅತ್ತೆಯವರೂ ಮಂಡಿನೋವಿಗೆಂದು ದಿನಾ ಬೆಳಗ್ಗೆ ಅದರದೇ ಕಷಾಯ ಕುಡಿಯತೊಡಗಿದರು. ಆ ಬಳ್ಳಿಗೂ ನನ್ನ ಬೆರಳುಗಳಲ್ಲಿ ಒಂದು ಜಾಗವಿತ್ತು.

ಆ ಮಳೆಗಾಲದಲ್ಲಿ ಬಳ್ಳಿಯ ಮೇಲೆ ಒಂದು ಕಂಬಳಿಹುಳದಂಥದ್ದು ಕಂಡಿತು. ಕೂದಲಿಲ್ಲ, ಕಪ್ಪು ಮೈ, ಪಕ್ಕೆಯಲ್ಲಿ ಎರಡು ದುಂಡು ಕಣ್ಣಿನ ಗುರುತು. ಮುಟ್ಟಲು ಹೋದರೆ ತಲೆ ಬಗ್ಗಿಸಿ, ಬಾಲ ಎತ್ತಿ, ಆ ಸುಳ್ಳು ಕಣ್ಣಿನಿಂದ ನೋಡುತ್ತಿತ್ತು. ಟೀಚರು ಅದನ್ನು ಎಲೆಸಮೇತ ಹಾರ್ಲಿಕ್ಸ್ ಬಾಟ್ಲಿಗೆ ಹಾಕಿಸಿ, ಬಾಯಿಗೆ ಬಟ್ಟೆ ಕಟ್ಟಿಸಿದರು. ಅದು ನಾಲ್ಕು ದಿನ ತಿಂದು, ಎಲೆಯೊಂದನ್ನು ಸುತ್ತಿಕೊಂಡು ಒಳಗೆ ಮಲಗಿತು. ಬಾಟ್ಲಿಯನ್ನು ಉಪ್ಪಿನಕಾಯಿ ಭರಣಿಯ ಪಕ್ಕ ಇಟ್ಟೆ. ಏನಾಗಿ ಹೊರಬರುತ್ತದೆ ಎಂದು ಕೇಳಿದ್ದಕ್ಕೆ ಟೀಚರು, "ಅದೇ ಹೇಳ್ತದೆ" ಎಂದು, ಓಣಂ ರಜೆಗೆ ಊರಿಗೆ ಹೊರಟುಹೋದರು.

ಅವರು ಹೋದ ವಾರವೇ ಕಿತ್ತಳೆ ಉದುರತೊಡಗಿತು.

ಕಾಪಿಯ ನಡುವೆ ನಮ್ಮ ಹದಿನೈದು ಕಿತ್ತಳೆ ಮರಗಳು. ಮಳೆಗಾಲದ ಫಸಲು ಆ ವರ್ಷ ಚೆನ್ನಾಗಿಯೇ ಬಣ್ಣ ತಿರುಗಿತ್ತು. ಮೊದಲ ಬುಟ್ಟಿ ದೇವಸ್ಥಾನಕ್ಕೆ ಕೊಡುವುದು ಅತ್ತೆಯವರು ನಡೆಸಿಕೊಂಡು ಬಂದ ಕ್ರಮ. ಕೆಲಸದವಳ ಮಗಳು ಬಸುರಿ, ಹುಳಿಹುಳಿ ಬೇಕೆನ್ನುತ್ತಿದ್ದಾಳೆ, ನಾಲ್ಕು ಹಣ್ಣು ಕೊಡಿ ಎಂದು ಅವಳು ಕೇಳಿದಾಗ ಅತ್ತೆ, "ದೇವರಿಗಾಗದೆ ನಿಂಗೆ ಎಲ್ಲಿಂದ? ಆಮೇಲೆ ನೋಡುವ" ಎಂದಿದ್ದರು. ಅವಳು ಕತ್ತಿ ಎತ್ತಿಕೊಂಡು ಹೋದಳು. ಅದಾಗಿ ಮೂರು ದಿನಕ್ಕೆ ಮರದ ಬುಡದಲ್ಲಿ ಬುಟ್ಟಿಗಟ್ಟಲೆ ಹಣ್ಣು. ಎತ್ತಿ ನೋಡಿದರೆ ಪ್ರತಿಯೊಂದರಲ್ಲೂ ಸೂಜಿಮೊನೆಯಷ್ಟು ತೂತು, ಸುತ್ತ ಕಂದು ಬಳೆ, ಒಳಗೆ ತೊಳೆ ಮೆತ್ತಗಾಗಿ ನೀರು. ಬಿಡಿಸಿದರೆ ಒಂದು ಹುಳವೂ ಇಲ್ಲ.

"ನಿಂಬೆಮುಳ್ಳಿಂದ ಚುಚ್ಚಿದ್ದಾಳೆ," ಎಂದರು ಅತ್ತೆ. "ಕೊಡದೆ ಇದ್ದದ್ದಕ್ಕೆ ಸಿಟ್ಟು. ಬರಿ ಮುಳ್ಳಲ್ಲ, ಮಾಟ."

ಮರುದಿನ ಅವಳು ಬಂದಾಗ ಬೇಲಿಯಿಂದಲೇ ವಾಪಸು ಕಳಿಸಿದರು. ಅವಳು ಬೇಲಿಯಾಚೆ ನಿಂತು ನನ್ನ ಕಡೆ ನೋಡಿ, "ಅಕ್ಕಾ, ನಾ ಮುಟ್ಟಿದ್ದಿಲ್ಲೆ" ಎಂದಳು. ನಾನು ಸೆರಗಿನ ತುದಿ ಹಿಂಡುತ್ತ ನಿಂತೆ. ಬಾಯಿ ಬರಲಿಲ್ಲ. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಅಲ್ಲಿಗೆ ಮುಗಿದಿದ್ದರೆ ಇಷ್ಟು ಸಂಕಟವಿರಲಿಲ್ಲ. ನಮ್ಮ ಮನೆಯ ಹಿಂದೆ ಹಾಲೆಮರದ ಬುಡದಲ್ಲಿ ಗುಳಿಗ ದೈವದ ಕಲ್ಲಿದೆ. ಅನ್ಯಾಯವಾದರೆ ಮಂಗಳವಾರ ಕಲ್ಲಿನ ಮುಂದೆ ಕಾಯಿ ಇಟ್ಟು, ಮಾಡಿದವರ ಹೆಸರು ಹೇಳುವುದು ನಮ್ಮ ಹಿರಿಯರು ನಡೆಸಿಕೊಂಡು ಬಂದದ್ದು. ಹೆಸರು ಒಮ್ಮೆ ಹೇಳಿದರೆ ಹಿಂದೆ ತೆಗೆಯುವಂತಿಲ್ಲ. ಗುಳಿಗನ ಮುಂದೆ ಹೆಸರು ಬಿದ್ದವಳನ್ನು ಸುತ್ತಿನ ಯಾವ ಮನೆಯೂ ತೋಟಕ್ಕೆ ಕರೆಯುವುದಿಲ್ಲ. ಅವಳ ಮನೆಯಲ್ಲಿ ದುಡಿಯುವ ಕೈ ಅವಳದೊಂದೇ, ಜೊತೆಗೆ ಬಸುರಿ ಮಗಳು. ಅತ್ತೆಯವರು ಶುಕ್ರವಾರ ಕಾಯಿ ಸುಲಿಸಿ ಇಟ್ಟರು.

ನನ್ನ ಹತ್ತಿರ ನಾಲ್ಕು ದಿನವಿತ್ತು, ಕೇಳಲು ಟೀಚರಿರಲಿಲ್ಲ. ಶನಿವಾರ ನಾನೇ ಒಂದು ಒಳ್ಳೆಯ ಹಣ್ಣು ಕಿತ್ತು ನಿಂಬೆಮುಳ್ಳಿನಿಂದ ಚುಚ್ಚಿ ಅಕ್ಕಿಡಬ್ಬದ ಮೇಲೆ ಇಟ್ಟೆ. ಮುಳ್ಳಿನ ತೂತು ಬೇರೆ ಥರ ಕಾಣುತ್ತದೆ, ತೋರಿಸಿಬಿಡೋಣ ಎಂಬ ಧೈರ್ಯ. ಸೋಮವಾರ ಬೆಳಗ್ಗೆ ನೋಡಿದರೆ ಅದೇ ಕಂದು ಬಳೆ, ಅದೇ ಮೆತ್ತಗಿನ ತೊಳೆ. ಎರಡನ್ನೂ ಪಕ್ಕದಲ್ಲಿಟ್ಟರೆ ನನಗೇ ವ್ಯತ್ಯಾಸ ತಿಳಿಯಲಿಲ್ಲ. ಅತ್ತೆಯವರು ಕಂಡು, "ನಾನು ಹೇಳಿದ್ದನ್ನೇ ನೀನೂ ತೋರಿಸಿದೆ" ಎಂದರು.

ಆ ಹೊತ್ತು ಎಲ್ಲಿ ಕೂತರೂ ಎದ್ದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ದೇವರ ಮುಂದೆ ಕೂತರೆ ಹಣ್ಣು ಕಣ್ಣಿಗೆ ಬಂತು. ದೀಪದ ಹುಳಗಳ ಮೇಲೆ ನನಗೆ ಸಂಶಯವೇ ಬರಲಿಲ್ಲ. ಪತಂಗದ ನಾಲಗೆ ಮೆತ್ತಗಿನ ಸುರುಳಿ, ಹೂವಿನ ಜೇನು ಹೀರಲು ಮಾತ್ರ ಎಂದು ಟೀಚರೇ ಹೇಳಿದ್ದರಲ್ಲ. ಅವರು ನನಗೆ ತಿಳಿಯಲೆಂದು ಸುಲಭ ಮಾಡಿ ಹೇಳಿದ್ದರು, ನಾನು ಅದನ್ನೇ ವೇದವಾಕ್ಯ ಮಾಡಿಕೊಂಡಿದ್ದೆ.

ಮಧ್ಯಾಹ್ನ ಒಂದು ವಿಷಯ ಹೊಳೆಯಿತು. ಭಾನುವಾರ ಸಂಜೆ ನಾನೇ ಮುಟ್ಟಿ ನೋಡಿದ ಕೆಳಗಿನ ಕೊಂಬೆಯ ಹಣ್ಣಿನಲ್ಲಿ ತೂತಿರಲಿಲ್ಲ. ಸೋಮವಾರ ಬೆಳಗ್ಗೆ ಇತ್ತು. ಅವಳು ತೋಟಕ್ಕೆ ಬಾರದೆ ಆಗಲೇ ನಾಲ್ಕು ದಿನ.

"ಅತ್ತೆ, ಅವಳು ಬರ್ಲೇ ಇಲ್ಲವಲ್ಲ. ಚುಚ್ಚಿದ್ದು ಯಾರು?"

"ಮಾಟಕ್ಕೆ ಕಾಲು ಬೇಕಾ?" ಎಂದರು ಅತ್ತೆ.

ಸಂಜೆ ದೀಪ ಹಚ್ಚಿ, ನಮ್ಮವರ ಟಾರ್ಚು ಕೇಳಿದೆ.

"ಈ ಹೊತ್ತಲ್ಲಿ ತೋಟಕ್ಕಾ? ಆನೆ ಬಂದ್ರೆ ಅದಕ್ಕೂ ಮನೆತನ ಕೇಳ್ತೀಯಾ?"

"ನೀವೂ ಬನ್ನಿ."

ಗೊಣಗುತ್ತ ಬಂದರು. ಕಿತ್ತಳೆ ಮರದ ಹತ್ತಿರ ಟಾರ್ಚು ಎತ್ತಿದಾಗ ಎಲೆಗಳ ನಡುವೆ ಕೆಂಡದ ಕಿಡಿಯಂಥ ಚುಕ್ಕೆಗಳು ಎರಡೆರಡಾಗಿ ಹೊಳೆದವು. ನಮ್ಮವರು ಗೊಣಗುವುದನ್ನು ನಿಲ್ಲಿಸಿದರು. ಹತ್ತಿರ ಹೋದೆ. ಹಣ್ಣಿನ ಮೇಲೆ ಒಂದು ಒಣಗಿದ ಎಲೆ ಬಿದ್ದಿತ್ತು. ಕಿತ್ತಳೆ ಮರದಲ್ಲಿ ಅಷ್ಟುದ್ದದ ತರಗೆಲೆ ಎಲ್ಲಿಯದು? ಆ ಎಲೆಯ ಮುಖದಿಂದ ಒಂದು ಕಪ್ಪು ಕಡ್ಡಿ ನೆಟ್ಟಗೆ ಸಿಪ್ಪೆಯೊಳಗೆ ಇಳಿದಿತ್ತು. ಮೆತ್ತಗಿನ ಸುರುಳಿಯಲ್ಲ, ಗೋಣಿ ಹೊಲಿಯುವ ದಬ್ಬಳ. ಎಲೆ ತಲೆಯನ್ನು ಅತ್ತಿತ್ತ ಆಡಿಸುತ್ತ ಅದನ್ನು ಇನ್ನಷ್ಟು ಒಳಕ್ಕೆ ಒತ್ತುತ್ತಿತ್ತು.

ಅಡಿಗೆಮನೆಯ ಗೋಡೆಯಲ್ಲಿ ಎಷ್ಟು ಸಲ ಕಂಡಿದ್ದೆ. ನೋಟುಪುಸ್ತಕದಲ್ಲಿ ಬರೆದು ಅಡ್ಡಗೆರೆಯನ್ನೂ ಎಳೆಸಿಕೊಂಡಿದ್ದೆ.

ಮೇಲಿನಿಂದ ಸೆರಗು ಹಾಕಿ ಹಿಡಿದೆ. ಬಟ್ಟೆಯೊಳಗೆ ಬಡಿದುಕೊಳ್ಳುವಾಗ ಮೇಲ್ರೆಕ್ಕೆ ಸರಿಯಿತು. ಒಳಗೆ ಅರಿಶಿನ. ಈಗ ತಾನೇ ಅರೆದ ಹಸಿ ಅರಿಶಿನದ ಬಣ್ಣ, ನಡುವೆ ಬಾಗಿದ ಒಂದು ಕಪ್ಪು ಗುರುತು, ಅಂಚಿಗೆ ಕಪ್ಪು ಗೆರೆ. ಸಾದಾ ಸೀರೆಯುಟ್ಟ ಬಡವಿಯೊಬ್ಬಳು ಒಳಗೆ ರೇಷ್ಮೆ ರವಿಕೆ ಹಾಕಿಕೊಂಡಂತೆ.

"ಇದಾ ಕಳ್ಳ?" ಎಂದರು ನಮ್ಮವರು.

"ಇದೇ."

ಸೆರಗಿನ ಗಂಟಿನೊಳಗಿದ್ದದ್ದನ್ನು ಬುಟ್ಟಿಯಡಿ ಮುಚ್ಚಿ, ಪಕ್ಕದಲ್ಲಿ ಒಂದು ಹಣ್ಣಿಟ್ಟೆ. ಆ ರಾತ್ರಿ ಬೆರಳು ಮಡಚಿ ದೇವರಿಗೆ ಒಂದು ನಮಸ್ಕಾರ ಹೆಚ್ಚೇ ಹಾಕಿದೆ.

ಬೆಳಗ್ಗೆ ಆ ಸಮಾಧಾನ ಉಳಿಯಲಿಲ್ಲ. ಉಪ್ಪಿನಕಾಯಿ ತೆಗೆಯಲು ಹೋದವಳು ಹಾರ್ಲಿಕ್ಸ್ ಬಾಟ್ಲಿ ನೋಡಿದೆ. ಸುತ್ತಿದ ಎಲೆ ಒಡೆದಿತ್ತು. ಬಾಟ್ಲಿಯ ಬಟ್ಟೆಗೆ ತರಗೆಲೆಯೊಂದು ಜೋತುಬಿದ್ದಿತ್ತು. ಕಡ್ಡಿಯಿಂದ ಮುಟ್ಟಿದೆ, ಈ ಸಲ ಮನಸ್ಸು ಹಿಂಜರಿಯಲಿಲ್ಲ. ಒಳಗೆ ಅದೇ ಅರಿಶಿನ, ಅದೇ ಬಾಗಿದ ಕಪ್ಪು ಗುರುತು.

ಕಿತ್ತಳೆ ಕುಡಿಯುವ ಹುಳ ಬೆಳೆದದ್ದು ನನ್ನ ಬೇಲಿಯ ಅಮೃತಬಳ್ಳಿಯಲ್ಲಿ. ನೆಟ್ಟವಳು ನಾನು. ತಂದುಕೊಟ್ಟವಳು ಅವಳು. ಹುಳ ತೋರಿಸಿದರೆ ಅವಳು ಉಳಿಯುತ್ತಾಳೆ. ಬಳ್ಳಿಯ ಮಾತು ಬಂದರೆ ಅತ್ತೆಯವರು, ನೋಡು, ಮುಂಚೆಯೇ ಬಳ್ಳಿ ಕಳಿಸಿ ಮಾಟ ನೆಟ್ಟಿದ್ದಾಳೆ ಎನ್ನುತ್ತಾರೆ. ಬಳ್ಳಿಯ ಮಾತು ಎತ್ತದಿದ್ದರಾಯಿತಲ್ಲ ಎಂದುಕೊಂಡೆ. ಅಂಗಳದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡಿದೆ. ಗುಳಿಗನ ಮುಂದೆ ಅರ್ಧ ಹೇಳಿದರೆ ಅದೂ ಸುಳ್ಳೇ. ಬಾಟ್ಲಿಯನ್ನು ಮುಚ್ಚಿಡಲು ಭರಣಿಯ ಹಿಂದೆ ತಳ್ಳಿದೆ, ಮತ್ತೆ ಹೊರಗೆ ತೆಗೆದೆ, ಮತ್ತೆ ತಳ್ಳಿದೆ.

ಅತ್ತೆ ಮಿಂದು, ಕಾಯಿ ಹಿಡಿದು ಬಂದರು. ಬುಟ್ಟಿ ಎತ್ತಿ ತೋರಿಸಿದೆ. ಹುಳ ಹಣ್ಣಿನ ಮೇಲೆಯೇ ಕೂತಿತ್ತು. ಸಿಪ್ಪೆಯಲ್ಲಿ ಮೂರು ಹೊಸ ತೂತು, ರಸ ಜಿನುಗುತ್ತಿತ್ತು. ನಮ್ಮವರೂ ಟಾರ್ಚಿನಲ್ಲಿ ಕಂಡದ್ದನ್ನು ಹೇಳಿದರು.

ಅತ್ತೆ ಕಣ್ಣು ಕಿರಿದು ಮಾಡಿ ತುಂಬ ಹೊತ್ತು ನೋಡಿದರು. "ಇದು ಎಲ್ಲಿಂದ ಬಂತು?"

ಕಾಡಿನಿಂದ ಎಂದರೆ ಮುಗಿಯುತ್ತಿತ್ತು. ನಾನು ಬಾಟ್ಲಿ ತಂದು ಮುಂದಿಟ್ಟೆ. "ನಮ್ಮ ಬೇಲಿಯ ಅಮೃತಬಳ್ಳಿಯಿಂದ."

"ಆ ಬಳ್ಳಿ ಅವಳು ತಂದದ್ದಲ್ವಾ?"

"ನಾನು ಕೇಳಿ ತರಿಸಿದ್ದು, ಅತ್ತೆ. ನೆಟ್ಟದ್ದೂ ನಾನೇ. ಹುಳ ಕಂಡೂ ಬಿಟ್ಟದ್ದು ನಾನೇ. ಹೆಸರು ಹೇಳುವುದಿದ್ದರೆ ನನ್ನ ಹೆಸರು ಹೇಳಿ. ಅದರ ಕಷಾಯ ಕುಡಿದು ಮಗು ಎದ್ದಿತು. ನೀವೂ ಕುಡೀತೀರಿ."

ಕಷಾಯದ ಲೋಟ ಜಗಲಿಯ ಮೇಲೆ ಅರ್ಧ ಖಾಲಿಯಾಗಿ ಹಾಗೆಯೇ ಇತ್ತು. ಅತ್ತೆ ಅದನ್ನು ನೋಡಿದರು, ಬಾಟ್ಲಿ ನೋಡಿದರು. ಮಂಡಿ ಒತ್ತಿಕೊಂಡರು.

"ಇದರ ಹೆಸರೇನು?"

"ಗೊತ್ತಿಲ್ಲ. ಟೀಚರು ಬಂದೇ ಹೇಳ್ಬೇಕು."

"ಸುಲಿದ ಕಾಯಿ ಹಾಗೇ ಇಡೋ ಹಾಗಿಲ್ಲ. ಹೆಸರಿಲ್ಲದೆ ಗುಳಿಗನಿಗೆ ಏನು ಹೇಳ್ಲಿ? ಇಷ್ಟು ದಿನ ಗೋಡೆ ನೋಡಿದ್ಯಲ್ಲ, ಒಂದು ಹೆಸರು ಗೊತ್ತಿಲ್ವಾ ನಿಂಗೆ?"

ನಾನು ಯೋಚಿಸಿ ಹೇಳಿದೆ, "ಮಾಡಿನ ಮನೆತನ. ಮೇಲೆ ತರಗೆಲೆ, ಒಳರೆಕ್ಕೆ ಅರಿಶಿನ."

ಅತ್ತೆ ಹಾಲೆಮರದ ಬುಡಕ್ಕೆ ಹೋಗಿ ಕಾಯಿ ಇಟ್ಟರು. ಕೈಮುಗಿದು, ತಪ್ಪಬಾರದೆಂದು ನಿಧಾನವಾಗಿ, ನಾನು ಹೇಳಿದ್ದನ್ನೇ ಹೇಳಿದರು. ನಮ್ಮವರು ಮುಖ ಆಚೆ ತಿರುಗಿಸಿ ನಗು ತಡೆದುಕೊಂಡರು. ನನಗೆ ನಗು ಬರಲಿಲ್ಲ. ಜಿಲ್ಲೆಯ ಪಟ್ಟಿಯಲ್ಲಿ ಆ ಹುಳದ ಹೆಸರು ಬರುವ ಮೊದಲೇ ಗುಳಿಗನ ಪಟ್ಟಿಯಲ್ಲಿ ಬಂತು.

ಆ ಮಧ್ಯಾಹ್ನವೇ ನಾನು ಹಾಡಿಗೆ ನಡೆದೆ. ಅವಳು ಒರಳಿನ ಮುಂದೆ ಕೂತಿದ್ದಳು, ಏಳಲಿಲ್ಲ. ಎಲ್ಲ ಹೇಳಿದೆ, ಬೇಲಿಯ ಹತ್ತಿರ ಬಾಯಿ ಬಾರದೆ ನಿಂತದ್ದೂ ತಪ್ಪು ಎಂದೆ. ಕೇಳಿಸಿಕೊಂಡು, "ಬಳ್ಳಿ ಕೀಳ್ಬೇಕಲ್ಲಾ ಅಕ್ಕಾ" ಎಂದಳು. ಅಷ್ಟೇ.

ಮರುದಿನ ಬಂದಳು. ಬಳ್ಳಿಯನ್ನು ಬುಡದಿಂದ ಕಡಿದು ಎಳೆದು, ಒಂದು ಮೊಳದ ತುಂಡನ್ನು ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅದನ್ನು ಯಾಕೆ ಒಯ್ತೀ? ಹುಳ ಬರ್ತದೆ," ಎಂದೆ.

"ಬರ್ಲಿ. ನಮ್ಮಲ್ಲಿ ಕಿತ್ಲೆ ಇಲ್ಲೆಯಲ್ಲಾ, ಅದಕ್ಕೇನು ಕೆಲ್ಸ?"

ಅತ್ತೆಗೆ ಇದು ಕೇಳಿಸಿತು. ತಪ್ಪಾಯಿತು ಎನ್ನುವ ಮಾತು ಅವರ ಬಾಯಲ್ಲಿ ನಾನು ಎಂದೂ ಕೇಳಿದವಳಲ್ಲ, ಆ ದಿನವೂ ಕೇಳಲಿಲ್ಲ. ಒಳಗೆ ಹೋಗಿ ಮೊರದಲ್ಲಿ ನಾಲ್ಕು ಕಿತ್ತಳೆ ತಂದು ಬೇಲಿಯ ಪಕ್ಕದ ಕಲ್ಲಿನ ಮೇಲೆ ಇಟ್ಟರು. ದೇವರ ಬುಟ್ಟಿ ಇನ್ನೂ ಹೋಗಿರಲಿಲ್ಲ.

ಅವಳು ಕೈ ಒರೆಸಿಕೊಂಡು ಕಲ್ಲಿನ ಮುಂದೆ ಕುಕ್ಕರಿಸಿದಳು. ಒಂದೊಂದೇ ಹಣ್ಣನ್ನು ಎತ್ತಿ, ಬಿಸಿಲಿಗೆ ಹಿಡಿದು, ಹೆಬ್ಬೆರಳಿನಿಂದ ಒತ್ತುತ್ತ ಸುತ್ತಲೂ ತಿರುಗಿಸಿ ನೋಡಿದಳು. ಅವಸರವೇ ಇರಲಿಲ್ಲ. ಮೂರನ್ನು ಮಡಿಲಿಗೆ ಹಾಕಿಕೊಂಡಳು. ನಾಲ್ಕನೆಯದನ್ನು ಮೊರಕ್ಕೇ ವಾಪಸು ಇಟ್ಟು, ಮೊರವನ್ನು ಅತ್ತೆಯ ಕಡೆಗೆ ಸರಿಸಿದಳು.

"ಇದರಲ್ಲಿ ತೂತುಂಟು ಅಮ್ಮ."

ಅತ್ತೆ ಬಗ್ಗಿ ನೋಡಿದರು. ಇತ್ತು. ಮಂಡಿ ಹಿಡಿದುಕೊಂಡು, ಇನ್ನೊಂದು ಹಣ್ಣು ತರಲು ಒಳಗೆ ಹೋದರು.